ಸಾಹೇಬರ ಹೂಂ

ಇಲಾಖೆ ಇಲಾಖೆಗಳ ಜಗಳದಲ್ಲಿ ಕೂಸು ಮುದುಕಾಯಿತು.

ಗಾದೆ ಹಾಗಿಲ್ಲ, ಗೊತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವುದು ಸರಿಯಾದ ಪಾಠ. ಆದರೆ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಇಲಾಖೆಗಳು ಉಣ್ಣುತ್ತವೆ, ಮಲಗುತ್ತವೆ, ಜಗಳವನ್ನು ಮಾತ್ರ ಮರುದಿನಕ್ಕೆ ಎತ್ತಿಡುತ್ತವೆ. ಅಷ್ಟರಲ್ಲಿ ಕೂಸಿನ ತಲೆ ನರೆತು ಮಂಡಿ ಸವೆದಿರುತ್ತದೆ. ಈಗ ಹೇಳುವುದು ನಡೆದ ಸಂಗತಿ. ಒಂದಕ್ಷರ ಸುಳ್ಳಿದ್ದರೂ ನನ್ನ ಗಂಟಲಿನಿಂದ ಇನ್ನೊಬ್ಬರ ದನಿ ಹೊರಡಲಿ. ಅದು ಹೇಗೂ ಹೊರಡುತ್ತದೆ. ನನಗೆ ಸಂಬಳ ಕೊಡುವುದೇ ಅದಕ್ಕೆ.

ನಾನು ತ್ರಿವಿಕ್ರಮ. ಕಾಲೇಜಿನಲ್ಲಿ ಧ್ವನಿವಿಜ್ಞಾನ ಓದಿದವನು. ಒಮ್ಮೆ ಹಾಸ್ಟೆಲಿನ ಮೈಕಿನಲ್ಲಿ ಪ್ರಿನ್ಸಿಪಾಲರ ದನಿಯಿಂದ ರಜೆ ಘೋಷಿಸಿ, ಅದೇ ಪ್ರಿನ್ಸಿಪಾಲರ ಅಸಲಿ ದನಿಯಲ್ಲಿ ಸಸ್ಪೆಂಡ್ ಆದೆ. ಅವತ್ತಿನಿಂದ ಗೆಳೆಯರ ಬಾಯಲ್ಲಿ ಮಿಮಿಕ್ರಮ. ಇಂಥವನಿಗೆ ಯಾರು ಕೆಲಸ ಕೊಡುತ್ತಾರೆ? ಬಿಳಿಕಲ್ಲು ಜಿಲ್ಲೆಯ ಸಮನ್ವಯ ಕೊಠಡಿ ಕೊಟ್ಟಿತು.

ಸಮನ್ವಯ ಕೊಠಡಿ ಹುಟ್ಟಿದ್ದು ಒಂದು ಪ್ರಶ್ನೆಯಿಂದ. ಮೀಟಿಂಗಿಗೆ ಅಧಿಕಾರಿಗಳು ಬರುವ ಬದಲು ಅವರ ದನಿಗಳಷ್ಟೇ ಬಂದರೆ? ಒಬ್ಬೊಬ್ಬ ಅಧಿಕಾರಿಯ ಹತ್ತು ವರ್ಷದ ಮೀಟಿಂಗುಗಳನ್ನು ಯಂತ್ರಕ್ಕೆ ಕೇಳಿಸಿದರು. ಅವರು ಹೇಗೆ ಮಾತಾಡುತ್ತಾರೆ, ಯಾವುದಕ್ಕೆ ಒಪ್ಪುತ್ತಾರೆ, ಯಾವುದನ್ನು ಪಕ್ಕದವರ ತಲೆಗೆ ಕಟ್ಟುತ್ತಾರೆ, ಎಲ್ಲವನ್ನೂ ಅದು ಕಲಿತಿತು. ಆಮೇಲೆ ದುಂಡುಮೇಜಿನ ಮೇಲೆ ಮೂರು ಸ್ಪೀಕರು ಕೂರಿಸಿದರು: ಹಿರಿಯರ ಇಲಾಖೆ, ವಿಕಲಚೇತನರ ಇಲಾಖೆ, ಆರೋಗ್ಯ ಇಲಾಖೆ. ನಾವು ಅವನ್ನು ದನಿಗೊಂಬೆ ಅನ್ನುತ್ತೇವೆ. ಅಧಿಕಾರಿಗಳು ಎಲ್ಲಿಯಾದರೂ ಇರಲಿ, ಗೊಂಬೆಗಳು ಅವರ ದನಿಯಲ್ಲಿ, ಅವರ ಬುದ್ಧಿಯಲ್ಲಿ ದಿನವಿಡೀ ಕಚ್ಚಾಡುತ್ತವೆ. ಅಂತರ-ಇಲಾಖಾ ಸಹಕಾರ ಅಂದರೆ ಮೊದಲು ಒಬ್ಬರ ಕಾರಿನಲ್ಲಿ ಇನ್ನೊಬ್ಬರು ಸಹ ಹೋಗುವುದಾಗಿತ್ತು; ಈಗ ಆ ಕಾರೂ ಇಲ್ಲ.

ಟೀ ಮತ್ತು ಬಿಸ್ಕತ್ತು ಬಾರದೆ ಮೀಟಿಂಗು ನಡೆಯಿತೆಂದು ಬರೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಅಟೆಂಡರು ಪ್ರತಿ ಗೊಂಬೆಯ ಮುಂದೂ ಒಂದು ಲೋಟ, ಒಂದು ತಟ್ಟೆ ಇಡುತ್ತಾನೆ. ಗೊಂಬೆಗಳು ತಿನ್ನುವುದಿಲ್ಲ. ನಾನು ಆ ಕೆಲಸದಲ್ಲಿ ದಪ್ಪಗಾದೆ.

ಯಂತ್ರ ಕಟ್ಟಿದ ಎಂಜಿನಿಯರುಗಳಿಗೆ ಒಂದು ವಿಚಿತ್ರ ಎದುರಾಗಿತ್ತು. ಹತ್ತು ವರ್ಷದ ರೆಕಾರ್ಡಿಂಗ್ ಜಾಲಾಡಿದರೂ ಹಿರಿಯರ ಇಲಾಖೆಯ ಪಂಚಾಕ್ಷರಪ್ಪ ಸಾಹೇಬರು ಒಂದೇ ಒಂದು ಸಲವೂ ‘ಒಪ್ಪಿದೆ’ ಅಂದಿರಲಿಲ್ಲ. ನಾಳೆ ಎಡವಟ್ಟಾದರೆ ‘ನಾನೆಲ್ಲಿ ಒಪ್ಪಿದ್ದೆ?’ ಅನ್ನಲು ಬಾಗಿಲು ತೆರೆದಿರಬೇಕಲ್ಲ. ಅವರ ಒಪ್ಪಿಗೆ ಒಂದು ಹೂಂ. ಹೆಸರಿಗೆ ಪಂಚಾಕ್ಷರ, ಬಾಯಿಂದ ಬರುವುದು ಒಂದೇ ಅಕ್ಷರ. ಅದಕ್ಕೂ ಒಂದು ವರಸೆ ಇತ್ತು. ಮೊದಲು ಹಿಂದಲ ಹಲ್ಲಿನ ಸಂದಿಯಿಂದ ಅಡಿಕೆ ಚೂರನ್ನು ‘ಚ್ಸ್’ ಎಂದು ಎಳೆಯುವುದು, ಆಮೇಲೆ ಬಾಯಿ ಮುಚ್ಚಿ ಮೂಗಿನಲ್ಲಿ, ಕೊನೆಗೆ ಇಳಿಜಾರಾಗುವ ಒಂದು ಹೂಂ. ನಿದ್ದೆಯ ಹೂಂ, ನೋಡೋಣದ ಹೂಂ, ಫೋನು ಇಡಲಿ ಅನ್ನುವ ಹೂಂ, ಎಲ್ಲವೂ ಬೇರೆ. ಕೆಲಸ ಆಗುವ ಹೂಂ ಇದೊಂದೇ. ಯಂತ್ರಕ್ಕೆ ಅದನ್ನೇ ಸಹಿ ಎಂದು ಕಲಿಸಬೇಕಾಯಿತು. ಸಾಹೇಬರು ಸಮನ್ವಯದ ಅಧ್ಯಕ್ಷರೂ ಆಗಿದ್ದರಿಂದ ಅವರ ಕೋಣೆಯ ಮೇಜಿನ ಮೇಲೆ ಒಂದು ಮೈಕು ಇಟ್ಟರು. ಮನುಷ್ಯ ಗೊಂಬೆಗಿಂತ ದೊಡ್ಡವನು ಎಂಬ ನಿಯಮವಿತ್ತು. ಸಾಹೇಬರು ಖುದ್ದು ಆ ಮೈಕಿನಲ್ಲಿ ಹೂಂ ಅಂದರೆ ಗೊಂಬೆ ಏನೇ ಅಂದಿದ್ದರೂ ಅಳಿಸಿಹೋಗುತ್ತದೆ.

ಕಳ್ಳ ಹೂಂಗಳ ಭಯ ಬಂತು. ಅದಕ್ಕೆ ನಾನು ಬಂದೆ. ವರ್ಷವಿಡೀ ನಾನು ಸಾಹೇಬರ ಹೂಂ ಅನುಕರಿಸುವುದು, ಯಂತ್ರ ಅದನ್ನು ‘ಕಳ್ಳದನಿ’ ಎಂದು ಗುರುತಿಸಲು ಕಲಿಯುವುದು. ಕಲಿತು ಕಲಿತು ಅದು ನನ್ನ ಗಂಟಲಿನ ಉದ್ದ, ಮೂಗಿನ ಹೊಳ್ಳೆಯ ಅಗಲ ಎಲ್ಲವನ್ನೂ ಬಾಯಿಪಾಠ ಮಾಡಿತು. ಊರಿಗೆಲ್ಲ ಒಬ್ಬನೇ ಕಳ್ಳ ಎಂದು ನಂಬಿದ ಪೊಲೀಸಿನ ಹಾಗೆ.

ಉಮಾಪತಿಯ ಕೇಸು ಬಂದಿದ್ದು ಒಂದು ಗುರುವಾರ. ಐವತ್ತಾರು ವರ್ಷ, ಹುಟ್ಟಿನಿಂದ ಡೌನ್ ಸಿಂಡ್ರೋಮ್. ಅಕ್ಕ ಸರ್ವಮಂಗಳಾ, ಎಪ್ಪತ್ತು. ಹಳೇಪೇಟೆಯಲ್ಲಿ ಇಬ್ಬರದೂ ಹಿಟ್ಟಿನ ಮಿಲ್ಲು, ಹಿಂದೆಯೇ ಮನೆ. ಅಕ್ಕ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾಳೆ. ತಮ್ಮನಿಗೆ ಮರೆವು ಶುರುವಾಗಿದೆ. ಕೇಳಿಕೊಂಡಿದ್ದು ಇಷ್ಟು: ಮನೆಗೆ ದಿನಾ ಒಬ್ಬ ಸಹಾಯಕ, ಆಗಾಗ ಒಬ್ಬ ನರ್ಸು, ತಮ್ಮ ಮಿಲ್ಲಿನಲ್ಲೇ ಕೂತು ಮಾಡುವ ಕೆಲಸಕ್ಕೆ ಒಬ್ಬ ತರಬೇತುದಾರ. ಮೂರು ಇಲಾಖೆ ಸೇರಿ ಒಂದು ಕೂಡು ಆದೇಶ ಹೊರಡಿಸಿದರೆ ಮುಗಿಯಿತು.

“ಐವತ್ತಾರು,” ಅಂದಿತು ಹಿರಿಯರ ಗೊಂಬೆ. “ಅರವತ್ತಾಗಲಿ, ನೋಡೋಣ. ನಮ್ಮ ವ್ಯಾಪ್ತಿಗೆ ಬರಲ್ಲ.”

“ನಮ್ಮ ತರಬೇತಿಗೆ ನಲವತ್ತೈದು ದಾಟಿರಬಾರದು ಸಾರ್,” ವಿಕಲಚೇತನರ ಗೊಂಬೆ ನಿಟ್ಟುಸಿರಿಟ್ಟಿತು. ಆ ನಿಟ್ಟುಸಿರನ್ನು ತಿದ್ದಿದವನು ನಾನೇ. “ಮರೆವು, ಮಂಡಿನೋವು ಅಂತೀರಿ. ಅದೆಲ್ಲ ಮುಪ್ಪು. ಮುಪ್ಪು ನಿಮ್ದು.”

“ನೋಡಿ,” ಆರೋಗ್ಯದ ಗೊಂಬೆ, ಡಾಕ್ಟರಮ್ಮನ ದನಿ. “ಇಂಥವರಿಗೆ ಮುಪ್ಪು ಬೇಗ ಬರುತ್ತೆ. ಮರೆವಿನ ಕಾಯಿಲೆನೂ ಬೇಗ ಬರುತ್ತೆ. ಅದು ವಿಜ್ಞಾನ. ಆದ್ರೆ ಇವರು ಕೇಳ್ತಿರೋದು ಸಹಾಯಕನ್ನ. ನಮ್ಮಲ್ಲಿ ಮಾತ್ರೆ ಇದೆ, ಮನುಷ್ಯ ಇಲ್ಲ.”

“ಹಾಗಂತ ನಮ್ಮ ತಲೆಗೆ ಕಟ್ತೀರಾ ಮೇಡಂ?”

“ಕಟ್ಟೋಕೆ ನಿಮಗೆ ತಲೆ ಎಲ್ಲಿದೆ ಸಾರ್?”

ಇದು ಹೊತ್ತು ಇಳಿಯುವ ತನಕ ನಡೆಯಿತು. ನಾನು ಬಿಸ್ಕತ್ತು ಮುಗಿಸಿ ಕೈ ಒರೆಸಿಕೊಳ್ಳುವಾಗ ಹಿರಿಯರ ಗೊಂಬೆಗೆ ಹೊಳೆಯಿತು. “ಆಯಮ್ಮನಿಗೆ ಎಪ್ಪತ್ತಲ್ವಾ? ಆಯಮ್ಮ ನಮ್ಮೋರು. ವೃದ್ಧಾಶ್ರಮಕ್ಕೆ ಕರಕೊಂಡು ಹೋಗ್ತೀವಿ.”

“ಹಾಗಿದ್ರೆ ತಮ್ಮ ಅನಾಥ ಆದ,” ವಿಕಲಚೇತನರ ಗೊಂಬೆಗೆ ಜೀವ ಬಂತು. “ಅನಾಥರಿಗೆ ನಮ್ಮಲ್ಲಿ ವಯಸ್ಸಿನ ಮಿತಿ ಇಲ್ಲ ಸಾರ್. ನಮ್ಮ ವಸತಿಗೆ ತಗೋತೀವಿ.”

ವೃದ್ಧಾಶ್ರಮ ಜಿಲ್ಲೆಯ ಈ ತುದಿ, ವಸತಿ ಆ ತುದಿ. ಐವತ್ತಾರು ವರ್ಷ ಅಕ್ಕನ ಜೊತೆಗಿದ್ದವನಿಂದ ಅಕ್ಕನನ್ನು ಕಿತ್ತುಕೊಂಡು ಅನಾಥ ಮಾಡಿ, ಆಮೇಲೆ ಅನಾಥನೆಂದು ಸಾಕುವುದು. ಅಧಿಕಾರಿ ಎಂಬುದರ ಸಂಧಿ ಬಿಡಿಸಿ ನೋಡಿ: ಅಧಿಕ, ಅರಿ. ಸವರ್ಣದೀರ್ಘ. ಅರಿ ಅಂದರೆ ಶತ್ರು ಎಂದು ನಿಮಗೆ ನೆನಪಿರಬಹುದು. ತಂತಮ್ಮ ವ್ಯಾಪ್ತಿಯಲ್ಲಿ ಒಬ್ಬೊಬ್ಬರೇ ಮಾಡುವ ಕೇಡಿಗೆ ಯಾರ ಹೂಂ ಕೂಡ ಬೇಕಾಗಿರಲಿಲ್ಲ. ಮೂವರೂ ಸೇರಿ ಒಂದು ಒಳ್ಳೆಯದು ಮಾಡುವುದಾದರೆ ಮಾತ್ರ ಅಧ್ಯಕ್ಷರ ಹೂಂ ಬೇಕಿತ್ತು. ಮೊದಲು ಹೂಂ ಅಂದವನ ತಲೆಗೇ ಎಲ್ಲ ಹೊರೆ ಎಂಬುದು ಕಚೇರಿಯ ಹಳೆಯ ಸಂಪ್ರದಾಯ. ಆದ್ದರಿಂದ ಮೊದಲು ಯಾರೂ ಅನ್ನುವುದಿಲ್ಲ. ಗೊಂಬೆಗಳು ಅದನ್ನೂ ಚೆನ್ನಾಗಿ ಕಲಿತಿದ್ದವು.

ಮುಂದಿನ ಮಂಗಳವಾರ ಎರಡು ವ್ಯಾನು ಎಂದು ತೀರ್ಮಾನವಾಯಿತು. ಸರ್ವಮಂಗಳಾ ಅವರಿಗೆ ಮಂಗಳವಾರವೇ ಅಮಂಗಳ.

ಸಾಗಿಸುವ ಮೊದಲು ಇಬ್ಬರ ದನಿಯಲ್ಲಿ ಸಮ್ಮತಿ ರೆಕಾರ್ಡ್ ಮಾಡಿಕೊಳ್ಳಬೇಕು. ಆ ಪೆಟ್ಟಿಗೆ ಹೊತ್ತು ನಾನೇ ಹೋದೆ. ಮಿಲ್ಲಿನ ಬೆಲ್ಟು ಗಡಗಡ ತಿರುಗುತ್ತಿತ್ತು. ಬಾಗಿಲ ಪಕ್ಕ ವಾಕರ್ ಒರಗಿಸಿಕೊಂಡು ಎತ್ತರದ ಸ್ಟೂಲಿನ ಮೇಲೆ ಒಬ್ಬ ಹೆಂಗಸು, ಇಡೀ ಆಯುಷ್ಯ ಯಂತ್ರದ ಸದ್ದಿನ ಮೇಲೆ ಮಾತಾಡಿ ಗಂಟಲು ಕಂಚಾದವಳು.

“ಯಾರಪ್ಪಾ ನೀನು? ರಾಗಿನಾ, ಗೋಧಿನಾ?”

“ಸಮನ್ವಯ ಕೊಠಡಿಯಿಂದ ಬಂದಿದೀನಿ ಅಮ್ಮ.”

“ಓ, ಒಣಮೆಣಸಿನಕಾಯಿ. ಆಚೆ ನಿಂತ್ಕೊ. ಮೆಣಸಿನಕಾಯಿ ಕೊನೇಗೆ ಹಾಕೋದು, ಇಲ್ಲದಿದ್ರೆ ಎಲ್ಲರ ಹಿಟ್ಟೂ ಕೆಡುತ್ತೆ.”

ನಿಂತೆ. ಒಳಗೆ ಉಮಾಪತಿ ಕೂತಿದ್ದ. ಗುಂಡಗೆ, ಗಿಡ್ಡಗೆ, ಹುಬ್ಬಿನಲ್ಲೂ ಹಿಟ್ಟು. ಬಿಸಿ ಹಿಟ್ಟಿನ ಡಬ್ಬಗಳ ಬಾಯಿಗೆ ಬಟ್ಟೆ ಕಟ್ಟುತ್ತಿದ್ದ. ಒಂದಕ್ಕೆ ಕಟ್ಟಿ, ಮರೆತು, ಅದಕ್ಕೇ ಮತ್ತೊಂದು ಕಟ್ಟಿದ. ಅಕ್ಕ ನೋಡಿ ಇನ್ನೊಂದು ಬಟ್ಟೆ ಅವನ ಕಡೆ ಎಸೆದಳು. ಗಿರಾಕಿಯೊಬ್ಬ ಡಬ್ಬ ಎತ್ತಿಕೊಂಡು, “ಏನ್ ಪಾಪು, ಮದುವೆ ಯಾವಾಗ?” ಅಂದು ಹಲ್ಲು ಬಿಟ್ಟ. ಉಮಾಪತಿಯೂ ನಕ್ಕ, ಅವನಿಗಿಂತ ಜೋರಾಗಿ.

“ಅವನ ಹೆಸರು ಉಮಾಪತಿ,” ಸರ್ವಮಂಗಳಮ್ಮ ಗುಡುಗಿದರು. “ನಿನಗಿಂತ ಹತ್ತು ವರ್ಷ ದೊಡ್ಡೋನು. ಅಣ್ಣ ಅನ್ನು, ಇಲ್ಲ ಬಾಯಿ ಮುಚ್ಕೊಂಡು ಹೋಗು.” ಆಮೇಲೆ ನನ್ನ ಕಡೆ ತಿರುಗಿ, “ನಕ್ಕ ತಕ್ಷಣ ಒಪ್ಪಿದ ಅಂತ ಬರ್ಕೊಬೇಡ. ನಗೋರ ಜೊತೆ ನಗ್ತಾನೆ. ನಕ್ಕರೆ ಹೊಡೆಯಲ್ಲ ಅಂತ ಚಿಕ್ಕಂದಿನಲ್ಲೇ ಕಲಿತಿದಾನೆ.”

ಸಂಜೆಯಾಗಿ ಬೆಲ್ಟು ನಿಂತಿತು. ನಾನು ಪೆಟ್ಟಿಗೆ ತೆರೆದು, ಕಚೇರಿಯ ದನಿಯಲ್ಲಿ ಆದೇಶ ಓದಿದೆ. ಓದಿ ಮುಗಿಸುತ್ತಿದ್ದಂತೆ ಉಮಾಪತಿ ಕತ್ತು ಓರೆ ಮಾಡಿ, ಮೂಗು ಏರಿಸಿ, ಪದಗಳಿಲ್ಲದೆ ಬರೀ ರಾಗದಲ್ಲಿ ನನ್ನನ್ನು ತಿರುಗಿ ಓದಿದ. ನಾನು ಕೊನೆಯಲ್ಲಿ ನುಂಗುವ ಎಂಜಲನ್ನೂ ಬಿಡಲಿಲ್ಲ. ನನ್ನನ್ನು ಇನ್ನೊಬ್ಬರು ಅಣಕಿಸಿದ್ದು ಅದೇ ಮೊದಲು. ಮೈ ಉರಿಯಿತು. ಇದು ಇಷ್ಟು ಉರಿಯುತ್ತದೆಂದು ಪ್ರಿನ್ಸಿಪಾಲರು ಹೇಳಿರಲಿಲ್ಲ.

“ಚೆನ್ನಾಗಿ ಮಾಡ್ದೆ ಕಣೋ,” ಅಕ್ಕ ಅಂದಳು.

ಆಗ ಅವನು ಬಾಗಿಲ ಕಡೆ ನೋಡಿದ. ಕತ್ತಲಾಗುತ್ತಿತ್ತು. ನಾಲಿಗೆ ದಪ್ಪ, ಅಕ್ಷರ ಅಸ್ಪಷ್ಟ. ಆದರೆ ಹೊರಟ ದನಿ ಒಬ್ಬ ವಯಸ್ಸಾದ ಹೆಂಗಸಿನದು, ತಾಳ್ಮೆಯದು, ಅಡುಗೆಮನೆಯ ಒಳಗಿನಿಂದ ಬಂದಂಥದು. “ಮಂಗಳಾ, ದೀಪ ಹಚ್ಚಿದ್ಯೇನೇ?”

“ಹಚ್ತೀನಿ ಅಮ್ಮ,” ಅಂದುಬಿಟ್ಟರು ಸರ್ವಮಂಗಳಮ್ಮ. ಅಂದ ಮೇಲೆ ನಾನಿದ್ದೇನೆಂದು ನೆನಪಾಗಿ ಮುಖ ಬಿಗಿದರು. “ಏನ್ ನೋಡ್ತೀಯ? ನಮ್ಮಮ್ಮ ಹೋಗಿ ಮೂವತ್ತು ವರ್ಷ ಆಯ್ತು. ಮನೆ ದಾರಿ ಮರೀತಾನೆ, ಉಂಡಿದ್ದು ಮರೀತಾನೆ, ದನಿ ಮರೆಯಲ್ಲ. ನಿಮ್ಮ ವಸತೀಲಿ ಇವನಿಗೆ ಯಾರು ಉತ್ತರ ಕೊಡ್ತಾರೆ? ಉತ್ತರ ಬರದಿದ್ರೆ ಇವನೂ ಕರೆಯೋದು ನಿಲ್ಲಿಸ್ತಾನೆ. ಆವಾಗ ನಮ್ಮಮ್ಮ ಎರಡನೇ ಸಲ ಸತ್ತಳು ಅಂತ ನಿನ್ನ ಪೆಟ್ಟಿಗೆಯಲ್ಲಿ ರೆಕಾರ್ಡ್ ಮಾಡ್ಕೊ.”

ಪೆಟ್ಟಿಗೆ ಮುಚ್ಚಿದೆ. “ಸಾಹೇಬ್ರ ಒಂದು ಹೂಂ ಬಿದ್ದಿದ್ರೆ ಎಲ್ಲ ಸರಿ ಹೋಗ್ತಿತ್ತು” ಅಂದೆ.

“ಆ ಹೂಂ ನಮಗೆ ಗೊತ್ತಿಲ್ವಾ? ಪ್ರತಿ ಸೋಮವಾರ ಅಹವಾಲು ಕೊಡೋಕೆ ಹೋಗಿ ಅವನ ಬಾಗಿಲಲ್ಲಿ ಕೂತಿದೀವಿ. ಫೋನ್ ಬರುತ್ತೆ. ಬೇಕಾದೋರ್ದು. ಒಳಗಿಂದ ಹೂಂ ಕೇಳುತ್ತೆ. ಆಚೆ ಯಾರದೋ ಕೆಲಸ ಆಗುತ್ತೆ. ಉಮಾಪತಿ, ಆ ಕುರ್ಚಿ ಸಾಹೇಬ ಏನಂತಾನೆ?”

ಉಮಾಪತಿ ಕಿವಿಗೆ ಅಂಗೈ ಹಿಡಿದು ಫೋನೆತ್ತಿದ. ಹಲ್ಲಿನ ಸಂದಿಯಿಂದ ‘ಚ್ಸ್’. ಆಮೇಲೆ ಬಾಯಿ ಮುಚ್ಚಿ, ಮೂಗಿನಲ್ಲಿ, ಕೊನೆಗೆ ಇಳಿಜಾರಾಗಿ.

ಸಾಹೇಬರದೇ ಹೂಂ. ಮಾತಿಗೆ ಅಡ್ಡ ಬರುವ ನಾಲಿಗೆ ಹೂಂಗೆ ಬೇಕೇ ಆಗಿರಲಿಲ್ಲ.

“ನೀನೂ ಎಲ್ಲರ ದನಿ ತೆಗೀತೀಯಂತೆ,” ಸರ್ವಮಂಗಳಮ್ಮ ಅಂದರು. “ಊರಿನೋರು ಹೇಳಿದ್ರು. ಸಾಹೇಬ್ರನ್ನ ಅಣಕಿಸಿ ಚಪ್ಪಾಳೆ ಗಿಟ್ಟಿಸ್ತೀಯ. ಬೇಕಾದಾಗ ಒಂದು ಹೂಂ ಅನ್ನೋಕೆ ಆಗಲ್ಲ. ಗಂಟಲಿದ್ದು ಏನು ಬಂತು?”

ಆ ಮಾತು ಮೆಣಸಿನ ಘಾಟಿನ ಹಾಗೆ ಮೂಗಿಗೇರಿತ್ತು. ಮರುದಿನ ಸಾಹೇಬರು ಊಟಕ್ಕೆ ಹೋದಾಗ ಅವರ ಕೋಣೆಗೆ ನುಗ್ಗಿದೆ, ಕೇಸು ತೆರೆದೆ, ಮೈಕಿಗೆ ಬಾಯಿಟ್ಟು ನನ್ನ ಜೀವಮಾನದ ಅತ್ಯುತ್ತಮ ಹೂಂ ಅಂದೆ. ಕೆಂಪು ದೀಪ. ಯಂತ್ರ ಹಿರಿಯರ ಗೊಂಬೆಯ ದನಿಯಲ್ಲಿ, ತುಂಬ ಸಮಾಧಾನದಿಂದ, “ಕಳ್ಳದನಿ. ತ್ರಿವಿಕ್ರಮ. ಊಟ ಆಯ್ತಾ?” ಅಂದಿತು. ಕೊನೆಯ ಎರಡು ಮಾತನ್ನು ಅದಕ್ಕೆ ಕಲಿಸಿದ್ದು ನಾನೇ, ತಮಾಷೆಗೆ. ಗುರುವಿಗೇ ತಿರುಮಂತ್ರ.

ಆ ಕುರ್ಚಿಯಲ್ಲಿ ಕೂತಿದ್ದಾಗಲೇ ಇನ್ನೊಂದು ತಮಾಷೆ ನೆನಪಾಯಿತು. ಅದು ನನ್ನದಲ್ಲ, ಸಾಹೇಬರದು.

ಸೋಮವಾರ ಅಹವಾಲಿನ ದಿನ ಸಾಹೇಬರ ಕೋಣೆ ಜನರಿಂದ ಗಿಜಿಗುಟ್ಟುತ್ತದೆ. ಒಂದು ಹಂತದಲ್ಲಿ ಅವರಿಗೆ ಬೇಜಾರು ಹತ್ತುತ್ತದೆ. ಆಗ ಬಾಗಿಲಾಚೆ ಅಕ್ಕನ ಜೊತೆ ಕಾಯುವ ಉಮಾಪತಿಯನ್ನು ಒಳಗೆ ಕರೆದು ತಮ್ಮ ತಿರುಗುಕುರ್ಚಿಯಲ್ಲಿ ಕೂರಿಸಿ, “ಇವತ್ತು ಪಾಪೂನೇ ಸಾಹೇಬ್ರು! ಏನಂತೀರಿ ಸಾಹೇಬ್ರೇ?” ಅಂತ ಕೈಮುಗಿದು ನಿಲ್ಲುತ್ತಾರೆ. ಜನ ನಗುತ್ತಾರೆ, ನಗದಿದ್ದರೆ ತಮ್ಮ ಕೆಲಸ ಕೆಡುತ್ತದಲ್ಲ. ಉಮಾಪತಿ ಎಲ್ಲರಿಗಿಂತ ಜೋರಾಗಿ ನಗುತ್ತಾನೆ. ಆಮೇಲೆ ಕುರ್ಚಿಯಿಂದ ಇಳಿಸಿ, ಒಂದು ಬಿಸ್ಕತ್ತು ಕೊಟ್ಟು, ಮುಂದಿನ ಸೋಮವಾರ ಬಾ ಅನ್ನುತ್ತಾರೆ. ಆ ಹೊತ್ತಿನಲ್ಲಿ ಮೈಕು ಆರಿಸುವುದು ನನ್ನ ಕೆಲಸ. ನಾನೂ ನಗುತ್ತಿದ್ದೆ. ಆ ಪಾಪುವೇ ಕೇಸಿನ ಉಮಾಪತಿ ಎಂದು ಹಿಟ್ಟು ಮೆತ್ತಿದ ಮುಖ ನೋಡಿದಾಗಲೂ ಹೊಳೆದಿರಲಿಲ್ಲ.

ಮತ್ತೆ ಮಿಲ್ಲಿಗೆ ಹೋದೆ. ಹೇಳಿದೆ. ಸರ್ವಮಂಗಳಮ್ಮನ ಕಣ್ಣು ಕೆಂಡವಾಯಿತು.

“ಅಂದ್ರೆ ಅವನು ಕುಣಿಸಿದ್ದು ಸಾಲದು ಅಂತ ನೀನೂ ಕೋತಿ ಕುಣಿಸ್ತೀಯಾ?”

“ಅಮ್ಮ, ಮಂಗಳವಾರ ವ್ಯಾನು ಬರುತ್ತೆ.”

“ನನ್ನ ಕೇಳಬೇಡ. ಕುರ್ಚಿಯಲ್ಲಿ ಕೂರೋನು ಅವನು. ಅವನನ್ನ ಕೇಳು. ನಿಮ್ಮ ಮೂರು ಇಲಾಖೇಲಿ ಒಬ್ಬನಾದ್ರೂ ಅವನನ್ನ ಕೇಳಿದಾನಾ ಇಷ್ಟು ದಿನ?”

ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಡಬ್ಬದ ಪಕ್ಕ ಕುಕ್ಕರಗಾಲಲ್ಲಿ ಕೂತು ಕೇಳಿದೆ. “ಉಮಾಪತಿ ಅಣ್ಣ, ಸೋಮವಾರ ಆ ಕುರ್ಚಿಯಲ್ಲಿ ಕೂತಾಗ ಸಾಹೇಬ್ರ ಹೂಂ ಅಂತೀಯಾ? ಅಂದ್ರೆ ನೀನು ಇಲ್ಲೇ ಇರಬಹುದು. ಅನ್ನದಿದ್ರೂ ಪರವಾಗಿಲ್ಲ.”

ಅವನು ಡಬ್ಬದ ಕಡೆ ತಿರುಗಿದ. ಬಟ್ಟೆಯ ಗಂಟು ಬಿಚ್ಚಿ ಮತ್ತೆ ಹಾಕಿದ.

“ಅಕ್ಕ?”

“ಅಕ್ಕನೂ ಇಲ್ಲೇ.”

“ಕುರ್ಚಿ ತಿರುಗುತ್ತೆ,” ಅಂದ. ಆಮೇಲೆ ನನ್ನ ಹೊಟ್ಟೆ ತೋರಿಸಿ, “ಬಿಸ್ಕತ್ತು ಕಳ್ಳ,” ಅಂದು ನಕ್ಕ. ಇದು ಯಾರನ್ನೂ ಅನುಕರಿಸಿದ ನಗುವಲ್ಲ. ಅವನದೇ.

ಸೋಮವಾರ ಕೋಣೆ ತುಂಬಿತ್ತು. ಗೋಡೆಗೆ ಒರಗಿ ಹಳೆಯ ಹೂಂಗಳ ಫಲಾನುಭವಿಗಳೂ ನಿಂತಿದ್ದರು: ಆಶ್ರಮಗಳಿಗೆ ಊಟ ಒಪ್ಪಿಸುವ ಗುತ್ತಿಗೆದಾರ, ಯಾರದೋ ಭಾವಮೈದುನ, ಇನ್ನೊಬ್ಬರ ಬೀಗರು. ಸಾಹೇಬರ ಹಿಂದಿನ ಗೋಡೆಯಲ್ಲಿ ದನಿಗೊಂಬೆ ಯೋಜನೆಗೆ ರಾಜಧಾನಿಯಲ್ಲಿ ಸಿಕ್ಕಿದ ಪ್ರಶಸ್ತಿ ಫಲಕ. ಸರ್ವಮಂಗಳಮ್ಮ ವಾಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಯಾರೂ ಕುರ್ಚಿ ಕೊಡಲಿಲ್ಲ.

“ನಾಳೆ ವ್ಯಾನು ಬರುತ್ತಲ್ಲಮ್ಮ, ಇನ್ನೇನು ನಿಮ್ಮ ರಗಳೆ?” ಸಾಹೇಬರು ಅಡಿಕೆ ಅಗಿಯುತ್ತ ಅಂದರು. “ಸರ್ಕಾರ ಸಾಕುತ್ತೆ ಅಂದ್ರೂ ಅಳ್ತೀರಿ. ಕೃತಜ್ಞತೆ ಅನ್ನೋದು ನಿಮ್ಮ ಮಿಲ್ಲಲ್ಲಿ ಬೀಸಿ ಹೋಗಿದೆ.”

“ನಮ್ಮ ಮಿಲ್ಲಲ್ಲಿ ಹಾಕಿದ್ದೇ ಬರೋದು ಸಾರ್. ಕಲ್ಲು ಹಾಕಿದ್ರೆ ಕಲ್ಲು.”

 ಸಾಹೇಬರ ಮುಖ ಒಂದು ಕ್ಷಣ ಗಂಟಾಯಿತು, ಮರುಕ್ಷಣ ಆ ಹಳೆಯ ತಮಾಷೆಯ ನಗು ಮೂಡಿತು. ಮರ್ಯಾದೆ ಹೋದಾಗ ಅವರು ಇನ್ನೊಬ್ಬರ ಮರ್ಯಾದೆಯಿಂದ ತುಂಬಿಸಿಕೊಳ್ಳುತ್ತಿದ್ದರು. “ಬಾ ಪಾಪು! ಬಾ, ಇವತ್ತು ಕೊನೇ ಸಲ. ನೀನೇ ಸಾಹೇಬ!”

ಉಮಾಪತಿ ಕೂತ. ಕುರ್ಚಿ ಒಂದು ಸುತ್ತು ತಿರುಗಿತು. ನಾನು ಮೈಕು ಆರಿಸಲಿಲ್ಲ. ಮೇಜಿನ ಪರದೆಯಲ್ಲಿ ಕೂಡು ಆದೇಶದ ಕೇಸು ತೆರೆದಿಟ್ಟೆ.

“ಏನಂತೀರಿ ಸಾಹೇಬ್ರೇ?” ಪಂಚಾಕ್ಷರಪ್ಪನವರು ಬಗ್ಗಿ ಕೈಮುಗಿದರು. “ಈ ಬಡವರ ಕೆಲಸ ಮಾಡಿಕೊಡ್ತೀರಾ?”

ಜನ ನಕ್ಕರು. ಉಮಾಪತಿ ನಕ್ಕ. ಆಮೇಲೆ ಮೈಕಿಗೆ ಬಾಯಿಟ್ಟು ಮಿಲ್ಲಿನ ಬೆಲ್ಟಿನ ಸದ್ದು ಮಾಡಿದ. ಇನ್ನೂ ಜೋರು ನಗು. ಅಟೆಂಡರನ ಕೆಮ್ಮು ಕೆಮ್ಮಿದ. ನನ್ನ ಎಂಜಲು ನುಂಗಿದ. ಕಣ್ಣಲ್ಲಿ ಏನೋ ಹುಡುಕಾಟ. ಹೇಳಿದ್ದು ಮರೆತಿತ್ತು. ನಾನು ಸನ್ನೆ ಮಾಡುವ ಹಾಗಿಲ್ಲ, ಎಲ್ಲರೂ ನೋಡುತ್ತಿದ್ದಾರೆ. ಸಾಹೇಬರು ಸೊಂಟ ನೇರ ಮಾಡಿ, “ಸಾಕು, ಇಳಿ” ಅಂದರು.

ಆಗ ಮೇಜಿನ ಫೋನು ಹೊಡೆದುಕೊಂಡಿತು.

ಬಾಗಿಲಲ್ಲಿ ಸರ್ವಮಂಗಳಮ್ಮ ವಾಕರಿನ ಮೇಲೆ ಭಾರ ಹಾಕಿ, ಸೆರಗಿನ ಮರೆಯಲ್ಲಿ ಮೊಬೈಲು ಹಿಡಿದಿದ್ದರು. ಆ ನಂಬರು ಅವರ ಬೆರಳಿಗೇ ಪಾಠವಾಗಿತ್ತು. ಇಷ್ಟು ದಿನ ಎಷ್ಟು ಒತ್ತಿದರೂ ಯಾರೂ ಎತ್ತಿರಲಿಲ್ಲ.

ಉಮಾಪತಿಯ ಮುಖ ಬದಲಾಯಿತು. ಬೆನ್ನು ಕುರ್ಚಿಗೆ ಒರಗಿತು, ಗದ್ದ ಮೇಲೇರಿತು. ರಿಸೀವರು ಎತ್ತಿ ಕಿವಿಗಿಟ್ಟ. ಹಲ್ಲಿನ ಸಂದಿಯಿಂದ ಇಲ್ಲದ ಅಡಿಕೆ ಚೂರೊಂದನ್ನು ಎಳೆದ. ಆಮೇಲೆ ಬಾಯಿ ಮುಚ್ಚಿ, ಮೂಗಿನಲ್ಲಿ, ಕೊನೆಗೆ ಇಳಿಜಾರಾಗಿ, ಒಂದು ಹೂಂ.

ಹಸಿರು ದೀಪ.

“ಅಧ್ಯಕ್ಷರ ಖುದ್ದು ಹೂಂ ಬಿದ್ದಿದೆ,” ಗೋಡೆಯ ಸ್ಪೀಕರಿನಲ್ಲಿ ಹಿರಿಯರ ಗೊಂಬೆ ಸಾಹೇಬರದೇ ದನಿಯಲ್ಲಿ ಸಾರಿತು. “ನಾನು ಹೇಳಿದ್ದೆಲ್ಲ ಅಳಿಸಿದೆ.”

“ಮೊದಲ ಹೂಂ ನಮ್ಮದಲ್ಲ ತಾನೆ? ಹಾಗಿದ್ರೆ ನಮ್ಮದೂ ಹೂಂ,” ಅಂದಿತು ವಿಕಲಚೇತನರ ಗೊಂಬೆ.

“ಹೊರೆ ಅವರದು ಅಂತಾಯ್ತಲ್ಲ. ಹೂಂ,” ಅಂದಿತು ಆರೋಗ್ಯ.

ಮೂಲೆಯ ಪ್ರಿಂಟರು ಕೂಡು ಆದೇಶವನ್ನು ಬಿಸಿ ಹಿಟ್ಟಿನಂತೆ ಉದುರಿಸಿತು. ವ್ಯಾನುಗಳು ರದ್ದು. ಸಹಾಯಕ, ನರ್ಸು, ತರಬೇತುದಾರ, ಮೂವರೂ ಹಳೇಪೇಟೆಯ ಮಿಲ್ಲಿನ ವಿಳಾಸಕ್ಕೆ.

“ಏಯ್!” ಸಾಹೇಬರು ಕಿರುಚಿದರು. “ತ್ರಿವಿಕ್ರಮ, ರದ್ದು ಮಾಡು ಅದನ್ನ!”

“ಮಾಡ್ತೀನಿ ಸಾರ್,” ಅಂದೆ, ನನ್ನ ದನಿಯಲ್ಲೇ, ಅದು ಅಪರೂಪ. “ಕಾರಣ ಹೇಳಬೇಕು. ‘ಈ ಹೂಂ ನನ್ನದಲ್ಲ, ಯಂತ್ರ ಮೋಸಹೋಗಿದೆ’ ಅಂತ ಮೈಕಿನಲ್ಲಿ ಹೇಳಿ. ಹೇಳಿದ ತಕ್ಷಣ ಈ ಮೈಕಿನಿಂದ ಇದುವರೆಗೆ ಬಿದ್ದ ಹೂಂಗಳೆಲ್ಲ ತನಿಖೆಗೆ ಹೋಗುತ್ತವೆ. ಹಾಗಂತ ನಿಯಮ ಮಾಡಿದ್ದು ತಾವೇ.”

ನಗು ನಿಂತಿತು. ಗೋಡೆಗೆ ಒರಗಿದ್ದವರು ನೆಟ್ಟಗಾದರು.

“ಎಲ್ಲಾ ಹೂಂನಾ?” ಊಟದ ಗುತ್ತಿಗೆದಾರನ ದನಿ ಸಣ್ಣದಾಯಿತು. “ಸಾರ್, ನಮ್ಮದೂ ಹೋಗುತ್ತಾ?”

“ನಮ್ಮ ಹುಡುಗಂದು?” ಅಂದರು ಬೀಗರು.

ಸಾಹೇಬರು ಮೈಕು ನೋಡಿದರು, ಗುತ್ತಿಗೆದಾರನನ್ನು ನೋಡಿದರು, ಪ್ರಶಸ್ತಿ ಫಲಕ ನೋಡಿದರು. ಈ ಹೂಂ ನನ್ನದಲ್ಲ ಅಂದರೆ ಅಷ್ಟೂ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಪಾಪು ಎಂದು ಬಿಸ್ಕತ್ತು ಕೊಟ್ಟು ಆಡಿಸಿದ ಮನುಷ್ಯನಿಗೂ ತಮಗೂ ಯಂತ್ರಕ್ಕೆ ವ್ಯತ್ಯಾಸ ಕಾಣಲಿಲ್ಲ ಎಂದು ತಮ್ಮ ಬಾಯಿಂದ ಒಪ್ಪಬೇಕು. ಜೀವಮಾನದಲ್ಲಿ ‘ಒಪ್ಪಿದೆ’ ಅಂದವರಲ್ಲ.

ಅವರು ನಗಲು ಶುರುಮಾಡಿದರು. ಮೊದಲು ಗಂಟಲಲ್ಲಿ, ಕಟ್ಟಿಕೊಂಡ ಮೋರಿಯಲ್ಲಿ ನೀರು ಹೊರಟ ಹಾಗೆ. ಆಮೇಲೆ ಹೊಟ್ಟೆ ಕುಣಿಸಿ, ಮೇಜು ತಟ್ಟಿ. “ನಾನೇ ಹೇಳಿಸಿದ್ದು ಕಣ್ರೀ! ನಂದೇ ಹೂಂ ಅದು! ಪಾಪೂ ಕೈಲಿ, ಛೆ, ಉಮಾಪತಿಯವರ ಕೈಲಿ ಹೇಳಿಸ್ದೆ! ಹೆಹ್ಹೆಹ್ಹೇ!” ಕೆಲಸ ಉಳಿದ ಸಮಾಧಾನಕ್ಕೆ ಗೋಡೆಯವರೆಲ್ಲ ನಕ್ಕರು.

ಸರ್ವಮಂಗಳಮ್ಮ ನಗಲಿಲ್ಲ. ವಾಕರು ಊರುತ್ತ ಬಂದು ಪ್ರಿಂಟರಿನಿಂದ ಆದೇಶ ಎತ್ತಿಕೊಂಡು ಮಡಚಿದರು. “ಬಾ ಉಮಾಪತಿ, ದೀಪ ಹಚ್ಚೋ ಹೊತ್ತಾಗುತ್ತೆ.”

ಉಮಾಪತಿ ಇಳಿಯುವ ಮುನ್ನ ಸಾಹೇಬರ ಮುಖವನ್ನೇ ನೋಡಿದ. ಆ ಹೊಸ ನಗುವನ್ನು ಪೂರ್ತಿ ಕೇಳಿಸಿಕೊಂಡ. ಮೈಕಿನ ಹತ್ತಿರ ಬಗ್ಗಿ ಅದನ್ನೇ ತಿರುಗಿ ನಕ್ಕ: ಅದೇ ಮೋರಿ, ಅದೇ ಹೊಟ್ಟೆ, ಅದೇ ಮೇಜು ತಟ್ಟಾಟ, ಒಳಗಿನ ಭಯ ಕೂಡ. ಹಸಿರು ದೀಪ ಮತ್ತೆ ಹತ್ತಿತು. ಕೋಣೆಯವರ ಕಣ್ಣು ಒಬ್ಬರಿಂದ ಇನ್ನೊಬ್ಬರಿಗೆ ಓಡಾಡತೊಡಗಿತು.

ಯಾವುದು ಅಸಲಿ ಎಂದು ತೋರಿಸಲು ಪಂಚಾಕ್ಷರಪ್ಪನವರು ಇನ್ನಷ್ಟು ಜೋರಾಗಿ ನಗಬೇಕಾಯಿತು. ಅಕ್ಕ ತಮ್ಮ ಮೆಟ್ಟಿಲಿಳಿದು ಗೇಟು ದಾಟಿದರೂ ಆ ನಗು ಕೇಳುತ್ತಲೇ ಇತ್ತು, ಕಿಟಕಿಯ ಗಾಜು ಅದುರುವಷ್ಟು.